ಗಾಜಿನ ಸೀಸೆ: ಕೈಗೆಲಸವೂ ಕೈಯ ಕ್ಷೇಮವೂ

ಹಿಂದಿನ ತಲೆಮಾರಿನ ಕನ್ನಡ ಮನೆಗಳಲ್ಲಿ ಒಡೆದ ಬಳೆಯ ಚೂರುಗಳನ್ನು ಕೂಡಲೇ ಕಸಕ್ಕೆ ಎಸೆಯುತ್ತಿರಲಿಲ್ಲ. ಹೆಣ್ಣುಮಕ್ಕಳು ಅವನ್ನು ಡಬ್ಬಿಯೊಂದರಲ್ಲಿ ಕೂಡಿಡುತ್ತಿದ್ದರು. ಬಿಡುವಿನ ಮಧ್ಯಾಹ್ನಗಳಲ್ಲಿ ಮೇಣದ ಬತ್ತಿಯನ್ನು ಹಚ್ಚಿ, ಒಂದೊಂದೇ ಚೂರನ್ನು ಉರಿಗೆ ಹಿಡಿದು, ಮೆತ್ತಗಾದೊಡನೆ ಅದರ ತುದಿಗಳನ್ನು ಬಾಗಿಸಿ, ಕೊಂಡಿಗೆ ಕೊಂಡಿ ಸೇರಿಸಿ, ಬಾಗಿಲಿಗೆ ತೂಗಬಿಡುವ ಬಣ್ಣಬಣ್ಣದ ಸರಪಳಿಯನ್ನು ಮಾಡುತ್ತಿದ್ದರು. ಆ ಕೆಲಸದಲ್ಲಿ ಬೆರಳು ಸುಟ್ಟುಕೊಂಡವರೂ ಉಂಟು, ಕೊಯ್ದುಕೊಂಡವರೂ ಉಂಟು. ಆದರೆ ಪಕ್ಕದಲ್ಲಿ ಹೂ ಕಟ್ಟುತ್ತ ಕುಳಿತ ಅಜ್ಜಿಗೆ ಚೂರನ್ನು ಎಲ್ಲಿ ಹಿಡಿಯಬೇಕು, ಎಷ್ಟು ಕಾಯಿಸಬೇಕು, ಕೊನೆಗೆ ನೆಲವನ್ನು ಹೇಗೆ ಒರೆಸಬೇಕು ಎಂಬುದೆಲ್ಲ ತಿಳಿದಿತ್ತು. ಕೆಲಸದೊಡನೆ ಎಚ್ಚರವೂ ಕೈಯಿಂದ ಕೈಗೆ ಬರುತ್ತಿತ್ತು.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಫ್ಲ್ಯಾಟುಗಳಲ್ಲಿ ಬಳೆಯ ಚೂರಿನ ಸ್ಥಾನಕ್ಕೆ ಖಾಲಿ ಸೀಸೆ ಬಂದಿದೆ. ಹಣ್ಣಿನ ರಸ, ಷರಬತ್ತು, ಸಾಸ್, ಜೇನುತುಪ್ಪ ಇವುಗಳ ಸೀಸೆಗಳನ್ನು ನಡುವೆ ಕತ್ತರಿಸಿ ಲೇಖನಿಗಳನ್ನಿಡುವ ಪಾತ್ರೆ, ಗಿಡದ ಕುಂಡ, ದೀಪದ ಮುಸುಕು ಮುಂತಾದವನ್ನು ಮಾಡುವ ಹವ್ಯಾಸ ಹಿರಿಯರನ್ನೂ ಕಿರಿಯರನ್ನೂ ಸೆಳೆದಿದೆ. ಇದು ತೀರ ಹೊಸದೂ ಅಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೀಸೆ ಕತ್ತರಿಸುವ ಸಾಧನಗಳು ಅಂಗಡಿ ಅಂಗಡಿಗಳಲ್ಲಿ ಮಾರಾಟವಾಗಿ, ಈ ಹವ್ಯಾಸವು ಮನೆಮನೆಗೂ ಹಬ್ಬಿತ್ತು. ಕಸದಿಂದ ರಸ ತೆಗೆಯುವ ಈ ವಿದ್ಯೆ ಮೆಚ್ಚತಕ್ಕದ್ದೇ. ಆದರೆ ವಿಧಾನ ಮಾತ್ರ ಮನೆಗೆ ಬಂದು, ಅಜ್ಜಿಯ ಎಚ್ಚರ ಬಾರದೆ ಹೋದರೆ ಅದರ ಬೆಲೆಯನ್ನು ಬೆರಳು, ಕಣ್ಣು, ಅಂಗಾಲುಗಳು ತೆರಬೇಕಾಗುತ್ತದೆ.

ಗಾಜಿನ ಸ್ವಭಾವ

ಸೀಸೆಯ ಗಾಜು ಮುಖ್ಯವಾಗಿ ಮೂರು ದ್ರವ್ಯಗಳ ಪಾಕ. ಮರಳಿನಿಂದ ಬಂದ ಸಿಲಿಕಾ ನೂರಕ್ಕೆ ಸುಮಾರು ಎಪ್ಪತ್ತು ಪಾಲು. ಉಳಿದುದರಲ್ಲಿ ಹೆಚ್ಚಿನದು ಸೋಡಾ ಮತ್ತು ಸುಣ್ಣ. ಇವೆಲ್ಲ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಒಂದಾಗಿ, ಆರಿದಾಗ ಗಟ್ಟಿಯಾಗುತ್ತವೆ. ಸಕ್ಕರೆ, ಉಪ್ಪುಗಳಲ್ಲಿರುವಂತೆ ಹರಳುಗಳ ಕ್ರಮಬದ್ಧ ಜೋಡಣೆ ಗಾಜಿನಲ್ಲಿಲ್ಲ. ಮರಕ್ಕಿರುವ ನಾರಾಗಲಿ ಲೋಹಕ್ಕಿರುವ ಬಾಗುವ ಗುಣವಾಗಲಿ ಅದಕ್ಕಿಲ್ಲ. ಆದ್ದರಿಂದ ಗಾಜನ್ನು ಕತ್ತರಿಸುತ್ತೇವೆಂಬ ಮಾತು ರೂಢಿಯದೇ ಹೊರತು ಯಥಾರ್ಥವಲ್ಲ. ಗಾಜು ಕತ್ತರಿಸಲ್ಪಡುವುದಿಲ್ಲ, ಅದು ಬಿರಿಯುತ್ತದೆ. ಆ ಬಿರುಕು ತಾನು ಬಯಸಿದ ದಾರಿಯಲ್ಲಿ ಸಾಗುವಂತೆ ಮಾಡುವುದಷ್ಟೇ ಮನುಷ್ಯನ ಕುಶಲತೆ.

ಆಂಗ್ಲ ಇಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಇದರ ಮರ್ಮವನ್ನು ವಿವರಿಸಿದರು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೀರುಗಳಿರುತ್ತವೆ. ಎಳೆತ ಬಿದ್ದಾಗ ಅದರ ಬಲವೆಲ್ಲ ಗೀರಿನ ತುದಿಯಲ್ಲಿ ಕೇಂದ್ರೀಕೃತವಾಗಿ, ಅಲ್ಲಿಂದ ಬಿರುಕು ಓಡುತ್ತದೆ. ಕನ್ನಡಿಗೆ ಚೌಕಟ್ಟು ಹಾಕುವ ಅಂಗಡಿಯವನು ಮಾಡುವುದೂ ಇದನ್ನೇ. ಪುಟ್ಟ ಚಕ್ರದ ಕಟ್ಟರನ್ನು ಒಂದೇ ಒಂದು ಸಲ ಸರ್ರೆಂದು ಎಳೆಯುತ್ತಾನೆ. ಗಾಜನ್ನು ಮೇಜಿನ ಅಂಚಿಗೆ ತಂದು ಮೆಲ್ಲನೆ ಒತ್ತುತ್ತಾನೆ. ಅದು ನೇರವಾಗಿ ಇಬ್ಭಾಗವಾಗುತ್ತದೆ. ಅವನ ಕೈಯಲ್ಲಿ ಬಲಪ್ರಯೋಗ ಕಾಣುವುದಿಲ್ಲ. ಬಲ ಹಾಕಬೇಕೆನಿಸಿದರೆ ಎಲ್ಲಿಯೋ ತಪ್ಪಾಗಿದೆ ಎಂದೇ ತಿಳಿಯಬೇಕು. ಮನೆಯಲ್ಲಿ ಸೀಸೆ ಹಿಡಿದವರಿಗೂ ಇದೇ ಮೊದಲ ಪಾಠ.

ಎಂತಹ ಸೀಸೆ ತಕ್ಕದ್ದು?

ಮೊದಲು ಜಮಾಖರ್ಚಿನ ಮಾತು. ಎಲ್ಲ ಸೀಸೆಗಳೂ ಕತ್ತರಿಸಲು ಯೋಗ್ಯವಲ್ಲ. ಕೆಲವಕ್ಕೆ ಇಡಿಯಾಗಿ ಉಳಿದಾಗಲೇ ಹೆಚ್ಚು ಬೆಲೆ. ತೊಳೆದು ಮತ್ತೆ ತುಂಬಬಲ್ಲ ಸೀಸೆಯನ್ನು ರದ್ದಿಯವನಿಗೆ ಕೊಟ್ಟರೆ ಅದು ಇನ್ನೂ ಹಲವು ಬಾರಿ ಪ್ರಯಾಣ ಮಾಡುತ್ತದೆ. ಈ ವ್ಯಾಪಾರ ಮುಂಬಯಿಯಲ್ಲಿ ಎಷ್ಟು ಹಳೆಯದೆಂದರೆ, ಪಾರಸಿಗಳಲ್ಲಿ ‘ಬಾಟ್ಲಿವಾಲಾ’ ಎಂಬ ಮನೆತನದ ಹೆಸರೇ ಇದೆ. ನಗರದ ದೊಡ್ಡ ಆಸ್ಪತ್ರೆಗೆ ತಮ್ಮ ಹೆಸರನ್ನಿತ್ತ ದಾನಿ ಸರ್ ಜಮಶೇಟ್‌ಜಿ ಜೀಜೀಭಾಯ್ (1783-1859) ಅವರೂ ತಾರುಣ್ಯದಲ್ಲಿ ಖಾಲಿ ಸೀಸೆಗಳ ವ್ಯಾಪಾರದಲ್ಲಿ ತೊಡಗಿದ್ದವರು. ಒಡೆದ ಗಾಜಿಗೂ ಬೆಲೆಯುಂಟು. ಅದನ್ನು ಕುಲುಮೆಗೆ ಸೇರಿಸಿದಷ್ಟೂ ಹೊಸ ಗಾಜಿಗೆ ತಗಲುವ ಇಂಧನ ಕಡಿಮೆಯಾಗುತ್ತದೆ. ಪ್ರತಿ ನೂರಕ್ಕೆ ಹತ್ತು ಪಾಲು ಹಳೆಯ ಗಾಜಿಗೆ ಉಳಿತಾಯ ಸುಮಾರು ಶೇಕಡಾ ಎರಡೂವರೆಯಷ್ಟು. ಆದುದರಿಂದ ಯಾರೂ ಮರಳಿ ಕೊಳ್ಳದ, ಆಕಾರದಿಂದ ಮನಸ್ಸನ್ನು ಸೆಳೆಯುವ ಸೀಸೆಯನ್ನು ಮಾತ್ರ ಆರಿಸುವುದು ವಿವೇಕ.

ಉರುಟಾದ, ನೆಟ್ಟನೆಯ ಮೈಯುಳ್ಳ, ಸುತ್ತಲೂ ಒಂದೇ ದಪ್ಪದ ಸೀಸೆ ಈ ಕೆಲಸಕ್ಕೆ ಉತ್ತಮ. ಚೌಕ ಸೀಸೆಯ ಮೂಲೆಗಳಲ್ಲಿ ಗಾಜಿನ ದಪ್ಪ ಬೇರೆಯಾಗುವುದರಿಂದ ಬಿರುಕು ಅಲ್ಲಿ ದಾರಿ ತಪ್ಪುತ್ತದೆ. ಉಬ್ಬಕ್ಷರಗಳ ಮೇಲೆ ಗೀರು ಎಳೆಯಬಾರದು. ಬಾಲ್ಯದ ನೆನಪನ್ನು ತರುವ ಗೋಲಿಸೋಡಾದ ಸೀಸೆ ಬಹಳ ದಪ್ಪ; ಹೊಸಬರು ಅದರ ಗೊಡವೆಗೆ ಹೋಗದಿರುವುದು ಲೇಸು. ಪ್ರಯೋಗಶಾಲೆಯ ಹಾಗೂ ಒಲೆಗೆ ತಡೆಯುವ ಬೋರೋಸಿಲಿಕೇಟ್ ಗಾಜು ಶಾಖಕ್ಕೆ ಸಾಮಾನ್ಯ ಗಾಜಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ ಹಿಗ್ಗುವುದರಿಂದ ಬಿಸಿನೀರು-ತಣ್ಣೀರಿನ ಉಪಾಯಕ್ಕೆ ಅದು ಮಣಿಯುವುದಿಲ್ಲ. ಕೀಟನಾಶಕ, ಆಮ್ಲ, ಫಿನಾಯಿಲುಗಳಿದ್ದ ಸೀಸೆಗಳನ್ನು ಮುಟ್ಟಲೇ ಕೂಡದು. ಬಿರುಕು ಬಿಟ್ಟ ಸೀಸೆಯೂ ವರ್ಜ್ಯ. ಅದರ ದಾರಿ ಆಗಲೇ ನಿಶ್ಚಯವಾಗಿರುತ್ತದೆ.

ಕೆಲಸದ ಜಾಗ ಮತ್ತು ಬರಿಗಾಲು

ಪಾಶ್ಚಾತ್ಯರ ಕೈಪಿಡಿಗಳು ಹೇಳದ ಒಂದು ಅಪಾಯ ಇಲ್ಲಿನ ಮನೆಗಳಲ್ಲುಂಟು. ಮನೆಯೊಳಗೆ ಎಲ್ಲರದೂ ಬರಿಗಾಲು. ನೆಲದ ಮೇಲೆ ಕುಳಿತು ಕೆಲಸ ಮಾಡುವುದು, ಅದೇ ನೆಲದಲ್ಲಿ ಕೂಸು ಅಂಬೆಗಾಲಿಡುವುದು, ಅಲ್ಲಿಯೇ ಅಕ್ಕಿ ಆರಿಸುವುದು ಎಲ್ಲವೂ ಸಹಜ. ಚಿಕ್ಕ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಟ್ಟೆಯೇ ಕಾರ್ಯಾಗಾರವಾಗುವ ಪ್ರಲೋಭನವೂ ಇರುತ್ತದೆ. ಗಾಜಿನ ಕೆಲಸವನ್ನು ಅಡುಗೆಮನೆಯಲ್ಲಿ ಎಂದೂ ಮಾಡತಕ್ಕದ್ದಲ್ಲ. ಬಾಲ್ಕನಿಯಲ್ಲಾಗಲಿ ಬಚ್ಚಲಿನ ಹೊರಗಾಗಲಿ ಮೇಜೊಂದನ್ನಿಟ್ಟು, ಅದರ ಮೇಲೆಯೂ ಕೆಳಗೂ ಹಳೆಯ ವೃತ್ತಪತ್ರಿಕೆಗಳನ್ನು ಹಾಸಬೇಕು. ಪಾದ ಪೂರ್ತಿ ಮುಚ್ಚುವ ಬೂಟುಗಳನ್ನು ಆ ಕೆಲಸಕ್ಕೆಂದೇ ಮೀಸಲಿಟ್ಟು, ಮುಗಿದ ಮೇಲೆ ಹೊಸ್ತಿಲ ಹೊರಗೆ ಬಿಡಬೇಕು. ಮಕ್ಕಳು ನೋಡುವುದಾದರೆ ಕಿಟಕಿಯ ಗಾಜಿನ ಆಚೆಯಿಂದ ನೋಡಲಿ.

ಸಾಮಾನ್ಯ ಕನ್ನಡಕ ಕಣ್ಣಿನ ಮುಂಭಾಗವನ್ನು ಕಾಯುತ್ತದೆಯೇ ಹೊರತು ಪಕ್ಕಗಳನ್ನಲ್ಲ. ಬದಿಗಳು ಮುಚ್ಚಿದ ರಕ್ಷಣಾ ಕನ್ನಡಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಗ್ಗವಾಗಿಯೇ ದೊರೆಯುತ್ತದೆ. ಸೀಸೆ ಬೇರ್ಪಡುವ ಘಳಿಗೆಯಲ್ಲೂ ಚೂರುಗಳನ್ನೆತ್ತುವಾಗಲೂ ದಪ್ಪ ಚರ್ಮದ ಕೈಗವಸು ಬೇಕು. ತೆಳುವಾದ ನೂಲಿನ ಗವಸು ರಕ್ಷಣೆಯ ಭ್ರಮೆಯನ್ನು ಮಾತ್ರ ಕೊಡುತ್ತದೆ.

ಗೀರು ಮತ್ತು ಸೀಳು

ಸೀಸೆಯ ಚೀಟಿಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ತೆಗೆದು, ಅಂಟು ಉಳಿದರೆ ಕೊಬ್ಬರಿ ಎಣ್ಣೆಯಿಂದ ತಿಕ್ಕಿ, ತೊಳೆದು ಒಣಗಿಸಬೇಕು. ಸೀಸೆಯನ್ನು ನೆಟ್ಟಗೆ ನಿಲ್ಲಿಸಿ, ಗೀರು ಬೇಕಾದ ಎತ್ತರಕ್ಕೆ ಮರದ ತುಂಡುಗಳನ್ನು ಪೇರಿಸಿ, ಕಟ್ಟರನ್ನು ಅದರ ಮೇಲೆ ಅಲುಗಾಡದಂತೆ ಬಿಗಿಯಬೇಕು. ಆಮೇಲೆ ಕಟ್ಟರನ್ನು ಚಲಿಸದೆ ಸೀಸೆಯನ್ನೇ ತಿರುಗಿಸಬೇಕು. ಚಕ್ರಕ್ಕೆ ಹೊಲಿಗೆಯಂತ್ರದ ಎಣ್ಣೆಯ ಒಂದು ತೊಟ್ಟು ಸಾಕು. ಹದವಾದ ಒತ್ತಡದಲ್ಲಿ ತಿರುಗಿಸಿದರೆ ಹೊಸ ಬಟ್ಟೆಯನ್ನು ಮೆಲ್ಲನೆ ಹರಿದಂತೆ ಸಣ್ಣ ಸದ್ದು ಒಂದೇ ಸಮನೆ ಕೇಳಿಸುತ್ತದೆ. ಗೀರು ಸುತ್ತಿ ಬಂದು ತಾನು ಹೊರಟ ಬಿಂದುವನ್ನೇ ಸೇರಬೇಕು. ಒಮ್ಮೆ ಎಳೆದ ಗೀರಿನ ಮೇಲೆ ಇನ್ನೊಮ್ಮೆ ಎಳೆಯಬಾರದು. ಎರಡನೆಯ ಎಳೆತದಿಂದ ಗಾಜು ಪುಡಿಯಾಗಿ, ಬಿರುಕಿಗೆ ಹತ್ತಾರು ದಾರಿಗಳು ತೆರೆದುಕೊಳ್ಳುತ್ತವೆ. ಕಟ್ಟರಿನ ಚಕ್ರವೂ ಮೊಂಡಾಗುತ್ತದೆ.

ಮುಂದಿನದು ನೀರಿನ ಕೆಲಸ. ಗೀರಿನ ಮೇಲೆ ಸುತ್ತಲೂ ಬಿಸಿನೀರನ್ನು ಸಣ್ಣ ಧಾರೆಯಾಗಿ ಬಿಡಬೇಕು. ಕೂಡಲೇ ನಲ್ಲಿಯ ತಣ್ಣೀರನ್ನು ಬಿಡಬೇಕು. ಹೀಗೆ ಮೂರು ನಾಲ್ಕು ಸಲ ಮಾಡುವಷ್ಟರಲ್ಲಿ ‘ಟಿಕ್’ ಎಂಬ ಸದ್ದಾಗಿ ಸೀಸೆ ಎರಡಾಗುತ್ತದೆ. ಕೆಲವು ಸೀಸೆಗಳಿಗೆ ಏಳೆಂಟು ಸಲ ಬೇಕಾದೀತು. ಇದರ ಕಾರಣ ಸರಳ. ಹತ್ತು ಸೆಂಟಿಮೀಟರ್ ಉದ್ದದ ಸಾಮಾನ್ಯ ಗಾಜು 70 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು 0.06 ಮಿಲಿಮೀಟರ್, ಅಂದರೆ ಹೆಚ್ಚುಕಡಮೆ ಒಂದು ತಲೆಗೂದಲಿನ ದಪ್ಪದಷ್ಟು ಹಿಗ್ಗುತ್ತದೆ. ತಣ್ಣೀರು ಬಿದ್ದೊಡನೆ ಹೊರಮೈ ಕುಗ್ಗಲೆತ್ನಿಸುತ್ತದೆ. ಒಳಮೈ ಇನ್ನೂ ಬಿಸಿಯಾಗಿ ಹಿಗ್ಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ಬಾಗಲು ಬಾರದ ಗಾಜು ಗೀರಿನ ಗುಂಟ ಬಾಯಿಬಿಡುತ್ತದೆ. ತಲೆಗೂದಲಿನಷ್ಟು ಅಂತರದಿಂದ ಆಗುವ ಕೆಲಸಕ್ಕೆ ತೋಳಿನ ಬಲ ಬೇಕಿಲ್ಲ. ಸೀಸೆ ತಾನಾಗಿ ಬಿಡದಿದ್ದರೆ ನೀರಿನ ಉಪಚಾರವನ್ನು ಮುಂದುವರಿಸಬೇಕು. ಎರಡೂ ಕಡೆ ಹಿಡಿದು ತಿರುಚಬಾರದು. ಅಂಗೈಯ ಆಳವಾದ ಗಾಯಗಳಿಗೆ ಈ ತಿರುಚುವಿಕೆಯೇ ಹಾದಿ.

ದಾರಕ್ಕೆ ಬೆಂಕಿಯಿಡುವ ವಿಧಾನ

ಸ್ಪಿರಿಟ್, ಸೀಮೆಎಣ್ಣೆ ಅಥವಾ ಉಗುರುಬಣ್ಣ ತೆಗೆಯುವ ದ್ರವದಲ್ಲಿ ದಾರವನ್ನು ನೆನೆಸಿ, ಸೀಸೆಗೆ ಸುತ್ತಿ, ಬೆಂಕಿ ಹಚ್ಚಿ, ಉರಿ ಆರುವ ಹೊತ್ತಿಗೆ ತಣ್ಣೀರಿನಲ್ಲಿ ಮುಳುಗಿಸುವ ವಿಧಾನವೂ ಪ್ರಚಾರದಲ್ಲಿದೆ. ನೋಡುವವರಿಗೆ ಇದು ಇಂದ್ರಜಾಲದಂತೆ ತೋರುತ್ತದೆ. ಕಟ್ಟರಿನ ಖರ್ಚೂ ಇಲ್ಲ. ಆದರೆ ಗೀರಿಲ್ಲದ ಗಾಜಿನಲ್ಲಿ ಬಿರುಕು ತನಗೆ ಬೇಕಾದೆಡೆ ಓಡುತ್ತದೆ, ಅಂಚು ಗರಗಸದಂತಾಗುತ್ತದೆ. ಉರಿಯುವ ದ್ರವದ ಹನಿ ಕೈಮೇಲೆ, ಸೀರೆಯ ಸೆರಗಿನ ಮೇಲೆ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಬಿದ್ದರೆ ಅನಾಹುತಕ್ಕೆ ತಡವಿಲ್ಲ. ಬೆಂಕಿ, ಸುಲಭವಾಗಿ ಹೊತ್ತಿಕೊಳ್ಳುವ ದ್ರವ, ಬಿರಿಯಲಿರುವ ಗಾಜು ಇವು ಮೂರೂ ಒಂದೇ ಕೈಯಲ್ಲಿ ಸೇರುವ ಈ ವಿಧಾನ ಮನೆಗೆ ಯೋಗ್ಯವಲ್ಲ. ಮಕ್ಕಳಿಗಂತೂ ಸರ್ವಥಾ ಸಲ್ಲದು.

ಅಂಚಿಗೆ ಸಾಣೆ

ಸೀಸೆ ಎರಡಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸದಾಗಿ ಬಿರಿದ ಗಾಜಿನ ಅಂಚು ಚೂರಿಗಿಂತ ಹರಿತ. ಸಪಾಟಾದ ಹೆಂಚಿನ ಮೇಲೆ ಕಪ್ಪು ಬಣ್ಣದ ವಾಟರ್ ಪೇಪರನ್ನು ಇಟ್ಟು, ನೀರು ಚಿಮುಕಿಸಿ, ಅಂಚನ್ನು ಅದರ ಮೇಲೆ ವೃತ್ತಾಕಾರವಾಗಿ ಆಡಿಸಬೇಕು. ಮೊದಲು 80 ಅಥವಾ 120ನೆಯ ಸಂಖ್ಯೆಯ ಒರಟು ಕಾಗದ, ಬಳಿಕ 220, ಕೊನೆಗೆ 400. ಈ ಕಾಗದದ ಮೇಲಿರುವುದು ಸಿಲಿಕಾನ್ ಕಾರ್ಬೈಡ್, ಗಾಜಿಗಿಂತ ಬಹಳ ಗಡುಸಾದ ದ್ರವ್ಯ. ಒಳ ಅಂಚನ್ನೂ ಹೊರ ಅಂಚನ್ನೂ ಸ್ವಲ್ಪ ಇಳಿಜಾರಾಗಿ ಉಜ್ಜಬೇಕು. ಹಳೆಯ ನೈಲಾನ್ ಕಾಲುಚೀಲವನ್ನು ಅಂಚಿನ ಸುತ್ತ ಎಳೆದರೆ ಎಲ್ಲಿಯೂ ಎಳೆ ಸಿಕ್ಕಿಕೊಳ್ಳದಿರುವುದೇ ಕೆಲಸ ಪೂರ್ತಿಯಾದುದರ ಗುರುತು. ಪರೀಕ್ಷೆಗೆ ಬೆರಳನ್ನು ಎಂದೂ ಉಪಯೋಗಿಸಬಾರದು.

ಇಲ್ಲಿ ನೀರು ಕೇವಲ ಅನುಕೂಲಕ್ಕಲ್ಲ. ಒಣಗಿದ ಗಾಜನ್ನು ಉಜ್ಜಿದರೆ ಏಳುವ ಧೂಳು ಕಣ್ಣು, ಮೂಗು, ಗಂಟಲುಗಳನ್ನು ಕೆರಳಿಸುತ್ತದೆ. ಆಸ್ತಮಾ ಇರುವವರಿಗೆ ತೊಂದರೆ ಹೆಚ್ಚು. ಈ ಧೂಳಿನಿಂದ ಸಿಲಿಕೋಸಿಸ್ ಬರುವುದೆಂಬ ಭಯ ಹಲವರಲ್ಲಿದೆ. ಕಲ್ಲು ಒಡೆಯುವವರಿಗೂ, ಮಧ್ಯಪ್ರದೇಶದ ಮಂದಸೌರಿನ ಸ್ಲೇಟು-ಬಳಪದ ಕಾರ್ಮಿಕರಿಗೂ ಆ ಶ್ವಾಸಕೋಶದ ರೋಗವನ್ನು ತಂದದ್ದು ಹರಳುರೂಪದ ಸಿಲಿಕಾ. ಗಾಜಿನಲ್ಲಿರುವುದು ಹರಳುರೂಪದ್ದಲ್ಲವಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹಾಗೆಂದು ಧೂಳನ್ನು ಉಸಿರಾಡುವುದು ಕ್ಷೇಮವೂ ಅಲ್ಲ. ಒದ್ದೆಯಾಗಿ ಉಜ್ಜುವುದು, ಒದ್ದೆಯಾಗಿ ಒರೆಸುವುದು, ಪೊರಕೆಯಿಂದ ಒಣಗುಡಿಸದಿರುವುದು ಈ ಮೂರು ಕ್ರಮಗಳಿಂದ ಆ ಚಿಂತೆ ಬಹುಮಟ್ಟಿಗೆ ನೀಗುತ್ತದೆ. ನೆಲದ ಮೇಲೆ ಉಳಿದ ಸಣ್ಣ ಚೂರುಗಳನ್ನು ಗೋಧಿಹಿಟ್ಟಿನ ಕಣಕದ ಉಂಡೆಯನ್ನು ದಪ್ಪ ಗವಸಿನ ಕೈಯಲ್ಲಿ ಒತ್ತಿ ಎತ್ತಬಹುದು. ಆ ಉಂಡೆಯನ್ನು ಕಾಗದದಲ್ಲಿ ಸುತ್ತಿಯೇ ಬಿಸಾಡಬೇಕು.

ಗಾಯವಾದಾಗ

ಎಚ್ಚರವಹಿಸಿದರೂ ಕೆಲವೊಮ್ಮೆ ಕೈ ಕೊಯ್ಯುತ್ತದೆ. ಸಣ್ಣ ಗಾಯವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದು, ಕೈಯನ್ನು ಎತ್ತರದಲ್ಲಿಡಬೇಕು. ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡಬಾರದು. ಅರಿಶಿನ, ಕಾಫಿಪುಡಿಗಳನ್ನು ತುಂಬುವ ಹಳೆಯ ಪದ್ಧತಿ ಬೇಡ; ಗಾಯದ ಒಳಗನ್ನು ನೋಡಬೇಕಾದ ವೈದ್ಯರಿಗೆ ಅದು ಅಡ್ಡಿ, ಕೊಳೆಗೂ ಅವಕಾಶ. ಆಳಕ್ಕೆ ನೆಟ್ಟ ಚೂರನ್ನು ಮನೆಯಲ್ಲಿ ಕೀಳಬಾರದು. ಅದರ ಎರಡೂ ಬದಿಗಳಲ್ಲಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು.

ನೋಡಲು ಪುಟ್ಟದಾದ ಗಾಜಿನ ಗಾಯವೂ ಒಳಗೆ ಆಳವಾಗಿರಬಹುದು. ಬೆರಳಿನ ತುದಿ ಜೋಮುಹಿಡಿದಂತಿದ್ದರೆ ನರಕ್ಕೂ, ಬೆರಳನ್ನು ಮಡಿಸಲು ಅಥವಾ ಚಾಚಲು ಬಾರದಿದ್ದರೆ ಸ್ನಾಯುರಜ್ಜುವಿಗೂ ಪೆಟ್ಟಾಗಿರುವ ಸಂಭವವಿದೆ. ರಕ್ತ ನಿಂತಿತೆಂದು ಸುಮ್ಮನಿರದೆ ಅಂದೇ ವೈದ್ಯರನ್ನು ಕಾಣಬೇಕು. ತಡವಾದರೆ ಜೋಡಿಸುವುದು ಕಷ್ಟ. ಗಾಜು ಎಕ್ಸ್‌ರೇಯಲ್ಲಿ ಕಾಣದೆಂಬುದು ತಪ್ಪು ತಿಳಿವಳಿಕೆ. ಎರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಸಾಮಾನ್ಯವಾಗಿ ಕಾಣುತ್ತವೆ. ಆದ್ದರಿಂದ ಗಾಯ ಗಾಜಿನಿಂದಾದುದೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಯಾವ ವರ್ಷ ತೆಗೆದುಕೊಂಡದ್ದು ಎಂಬುದನ್ನೂ ಹೇಳಬೇಕು.

ಕಣ್ಣಿಗೆ ಕಣ ಬಿದ್ದರೆ ಉಜ್ಜಲೇ ಬಾರದು. ಧಾರಾಳವಾಗಿ ಶುದ್ಧ ನೀರನ್ನು ಹರಿಯಬಿಡಬೇಕು. ಚೂರು ನೆಟ್ಟಿದ್ದರೆ ನೀರನ್ನೂ ಹಾಕದೆ, ಕಾಗದದ ಲೋಟವೊಂದನ್ನು ಕಣ್ಣಿನ ಮೇಲೆ ಒತ್ತಡ ಬೀಳದಂತೆ ಮರೆಯಾಗಿ ಹಿಡಿದು, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಕತ್ತರಿಸಿದ ಸೀಸೆಯ ಉಪಯೋಗ

ಸೀಸೆಯ ಕೆಳಭಾಗವನ್ನು ಲೋಟವಾಗಿ ಬಳಸುವ ಆಸೆ ಹಲವರಿಗೆ. ಕಾರ್ಖಾನೆಯಲ್ಲಿ ಲೋಟದ ಅಂಚನ್ನು ಉರಿಯಲ್ಲಿ ಕರಗಿಸಿ ದುಂಡು ಮಾಡಿ, ಬಳಿಕ ಸುಮಾರು 550 ಡಿಗ್ರಿಯಿಂದ ನಿಧಾನವಾಗಿ ಆರಿಸುತ್ತಾರೆ. ಆ ನಿಧಾನದ ಆರಿಕೆಯಿಂದ ಗಾಜಿನೊಳಗಿನ ಬಿಗಿ ಸಡಿಲವಾಗುತ್ತದೆ. ಮನೆಯಲ್ಲಿ ಅದು ಸಾಧ್ಯವಿಲ್ಲ. ಕಾಗದದಲ್ಲಿ ಉಜ್ಜಿದ ಅಂಚಿನಿಂದ ಸಣ್ಣ ಚಕ್ಕೆ ಎಂದಾದರೂ ಎದ್ದೀತು. ಬಿಸಿ ಕಾಫಿ ಸುರಿದಾಗ ಬಿರಿದೀತು. ತುಟಿಗೆ ತಾಗುವ ಪಾತ್ರೆಯಾಗಿ ಅದು ಸಲ್ಲದು. ಲೇಖನಿ, ಕುಂಚ, ಬಾಚಣಿಗೆಗಳಿಗೆ, ನವರಾತ್ರಿಯ ಗೊಂಬೆಗಳ ಸಾಲಿನಲ್ಲಿ ಅಲಂಕಾರಕ್ಕೆ, ಗಿಡಗಳಿಗೆ ಅದು ಸೊಗಸು. ದೀಪಕ್ಕೆ ಮುಸುಕಾಗಿಸಿದರೆ ಉರಿ ಗಾಜಿಗೆ ತಾಕದಷ್ಟು ಅಂತರವಿರಬೇಕು.

ಗಿಡದ ವಿಷಯದಲ್ಲಿ ಇನ್ನೊಂದು ಮಾತು. ಕತ್ತರಿಸಿದ ಸೀಸೆಯಲ್ಲಿ ನೀರು ತುಂಬಿ ಮನಿಪ್ಲಾಂಟ್ ಬೆಳೆಸುವುದು ಎಲ್ಲ ಮನೆಗಳಲ್ಲೂ ಕಾಣುವಂಥದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ನೀರಿನ ಪಾತ್ರೆಗಳಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಬಳಿ ಪಾತ್ರೆಯ ಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿದರಷ್ಟೇ ಸಾಲದು. ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಇಲ್ಲವೇ ಮಣ್ಣು ತುಂಬಿ ಗಿಡ ನೆಡುವುದೇ ಮೇಲು.

ಚೂರುಗಳ ಕೊನೆಯ ಪ್ರಯಾಣ

ಹತ್ತು ಸೀಸೆಗಳಲ್ಲಿ ನಾಲ್ಕಾದರೂ ಹೊಸಬರ ಕೈಯಲ್ಲಿ ಕೆಡುವುದು ಸಹಜ. ಕೆಟ್ಟ ಸೀಸೆಯ ಚೂರುಗಳು ಎಲ್ಲಿಗೆ ಹೋಗುತ್ತವೆ? ಅವು ಹಸಿ ಕಸದ ಚೀಲದೊಳಗೆ, ತರಕಾರಿ ಸಿಪ್ಪೆಯ ನಡುವೆ ಮರೆಯಾಗಿ ಮನೆಯಿಂದ ಹೊರಬೀಳುತ್ತವೆ. ಬೆಳಗಿನ ಜಾವ ಆ ಚೀಲವನ್ನು ಬರಿಗೈಯಿಂದ ಬಿಚ್ಚಿ ಕಸವನ್ನು ಬೇರ್ಪಡಿಸುವವಳಿಗೆ ಒಳಗೇನಿದೆಯೆಂದು ತಿಳಿಯದು. ಅವಳ ಅಂಗೈ ಕೊಯ್ದರೆ ಆ ದಿನದ ಕೂಲಿ ಹೋಗುತ್ತದೆ. ಕೊಳೆತ ಕಸ ತಾಗಿದ ಗಾಯ ಕೀವಾದರೆ ವಾರದ ಕೂಲಿ ಹೋಗುತ್ತದೆ. ಹವ್ಯಾಸದ ಜಮಾಖರ್ಚಿನಲ್ಲಿ ಈ ನಷ್ಟವನ್ನು ಯಾರೂ ಬರೆದಿಡುವುದಿಲ್ಲ. ಆದರೆ ಅದನ್ನು ತೆರುವವರು ಇದ್ದೇ ಇದ್ದಾರೆ.

ಇದನ್ನು ತಪ್ಪಿಸಲು ಎರಡು ನಿಮಿಷ ಸಾಕು. ಚೂರುಗಳನ್ನೆಲ್ಲ ಗಟ್ಟಿಯಾದ ರಟ್ಟಿನ ಪೆಟ್ಟಿಗೆಗೋ ಹಳೆಯ ತಗಡಿನ ಡಬ್ಬಿಗೋ ಹಾಕಿ, ಬಾಯಿಯನ್ನು ಅಂಟುಪಟ್ಟಿಯಿಂದ ಮುಚ್ಚಿ, ಮೇಲೆ ಕೆಂಪು ಶಾಯಿಯಿಂದ ದೊಡ್ಡ ಗುರುತು ಮಾಡಬೇಕು. ಆ ಊರಿನ ಭಾಷೆಯಲ್ಲಿ ‘ಗಾಜು’ ಎಂದು ಬರೆಯಬೇಕು. ಓದುಬರಹ ಬಾರದವರೂ ಇರುವುದರಿಂದ ಅದನ್ನು ಉಳಿದ ಕಸದೊಡನೆ ಸೇರಿಸದೆ ಅವರ ಕೈಗೇ ಕೊಟ್ಟು, “ತಾಯೀ, ಇದರಲ್ಲಿ ಗಾಜಿದೆ” ಎಂದು ಅವರ ಭಾಷೆಯಲ್ಲಿ ಒಂದು ಮಾತು ಹೇಳಬೇಕು. ಬಳೆಚೂರಿನ ಸರಪಳಿ ಮುಗಿದ ಮೇಲೆ ನೆಲ ಒರೆಸಿಸುತ್ತಿದ್ದ ಅಜ್ಜಿ ಮನೆಯ ಕಾಲುಗಳನ್ನು ಕಾಯುತ್ತಿದ್ದಳು. ನಗರದ ಮನೆಯಲ್ಲಿ ಸೀಸೆ ಕತ್ತರಿಸುವವರು ಮನೆಯವರ ಕಾಲುಗಳ ಜೊತೆಗೆ ಹೊಸ್ತಿಲಾಚೆಯ ಆ ಕೈಗಳನ್ನೂ ಕಾಯಬೇಕು.